ದಟ್ಟಗಳ್ಳಿಗೆ ಒಂಬತ್ತು

ಈಚೆಗೆ ಒಂದು ಬೆಳಿಗ್ಗೆ, ಹುಳಿಗೆ ಒಗ್ಗರಣೆ ಹಾಕಿ ಸೌಟು ಇನ್ನೂ ಕೈಯಲ್ಲಿರುವಾಗಲೇ ಕರೆಗಂಟೆ ಸದ್ದಾಯಿತು. ಬಾಗಿಲು ತೆಗೆದರೆ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಹುಡುಗಿ. ಕೈಯಲ್ಲೊಂದು ಟ್ಯಾಬು. ಅದರ ಮೇಲೆ ಸಾಲಾಗಿ ಐದು ಹಳದಿ ಮುಖಗಳು. ಮೊದಲನೆಯದು ಕಣ್ಣೀರಿಡುತ್ತಿತ್ತು. ಎರಡನೆಯದು ಮುಖ ಸಿಂಡರಿಸಿಕೊಂಡಿತ್ತು. ಮೂರನೆಯದು, ನಮ್ಮ ಮನೆಯವರು ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತಾಗ ಇರುತ್ತಾರಲ್ಲ, ಹಾಗೆ ಅತ್ತಲೂ ಇಲ್ಲ ಇತ್ತಲೂ ಇಲ್ಲ. ನಾಲ್ಕನೆಯದು ಮುಗುಳ್ನಗುತ್ತಿತ್ತು. ಐದನೆಯದಂತೂ ಹಲ್ಲೆಲ್ಲ ಕಿಸಿದುಕೊಂಡು ಲಾಟರಿ ಹೊಡೆದವರ ಹಾಗೆ ಕಾಣುತ್ತಿತ್ತು.

"ಆಂಟಿ, ಮೈಸೂರಿನ ಯಾವ್ಯಾವ ಏರಿಯಾದ ಜನ ಎಷ್ಟೆಷ್ಟು ಸಂತೋಷವಾಗಿದಾರೆ ಅಂತ ಸರ್ವೆ ಮಾಡ್ತಿದೀವಿ. ಕೃಷ್ಣಮೂರ್ತಿಪುರಂನಲ್ಲಿ ನೀವು ಎಷ್ಟು ಹ್ಯಾಪಿಯಾಗಿದೀರ? ಒಂದು ಮುಖ ಮುಟ್ಟಿ, ಸಾಕು."

ನಾನು ನಾಲ್ಕನೆಯದನ್ನು ಮುಟ್ಟಿದೆ. "ಐದನೇದು ಯಾಕೆ ಬೇಡ ಆಂಟಿ?" ಅಂದಳು. "ದೃಷ್ಟಿಯಾಗುತ್ತೆ ಕಣಮ್ಮ," ಅಂದೆ. ಅವಳು ನಕ್ಕು ಪಕ್ಕದ ಮನೆಗೆ ಹೋದಳು. ನಾನು ಒಳಗೆ ಬಂದು ನೋಡಿದರೆ ಹುಳಿ ತಳ ಹಿಡಿದಿತ್ತು. ಅವಳೇನಾದರೂ ಆ ಪ್ರಶ್ನೆಯನ್ನು ಐದು ನಿಮಿಷ ತಡವಾಗಿ ಕೇಳಿದ್ದರೆ ನಮ್ಮ ಬಡಾವಣೆಯ ಮರ್ಯಾದೆ ಎರಡನೆಯ ಮುಖಕ್ಕೆ ಇಳಿದುಹೋಗುತ್ತಿತ್ತು ನೋಡಿ.

ಸುಖವನ್ನು ಅಳೆಯುವವರ ಕಷ್ಟ ನನಗೆ ಗೊತ್ತು. ಹನ್ನೆರಡು ಹದಿಮೂರು ವರ್ಷದ ಹಿಂದೆ ಇದೇ ಊರಿನಲ್ಲಿ ಇದೇ ಕೆಲಸವನ್ನು ನನ್ನ ಸೋದರಮಾವ ಮಾಡಿದ್ದರು. ಟ್ಯಾಬು ಇರಲಿಲ್ಲ, ಹಳದಿ ಮುಖಗಳೂ ಇರಲಿಲ್ಲ. ಇದ್ದದ್ದು ಒಂದು ಛತ್ರಿ, ಹಿಂದೆ ನಾನು. ಮಾವ ಹೋದ ವರ್ಷ ಲಿಂಗೈಕ್ಯರಾದರು. ಅವರ ಹೆಂಡತಿ ಗಿರಿಜತ್ತೆ ದಟ್ಟಗಳ್ಳಿ ಬಡಾವಣೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಅವರಿಗೆ ಮಕ್ಕಳಿಲ್ಲ. ನಮ್ಮ ಮನೆಗೆ ಬಂದುಬಿಡಿ ಎಂದು ನಾನು ಆವತ್ತಿನಿಂದ ಹೇಳುತ್ತಲೇ ಇದ್ದೇನೆ. "ನೋಡಣ" ಅನ್ನುತ್ತಾರೆ. ನಮ್ಮ ಕಡೆಯ ಹೆಂಗಸರು "ನೋಡಣ" ಅಂದರೆ ಆಗ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ. ಆದರೂ ನಾನು ಬಿಟ್ಟಿರಲಿಲ್ಲ. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಬೆಳಕು ಬರುವ ಕಡೆಗೆ ಮಂಚ ತಿರುಗಿಸಿ ಇಟ್ಟಿದ್ದೆ. ಅವರ ಸುಖ ಎಲ್ಲಿದೆ ಎಂದು ಅವರಿಗಿಂತ ಚೆನ್ನಾಗಿ ನನಗೆ ಗೊತ್ತು ಎಂಬ ಧೈರ್ಯ. ಈ ಧೈರ್ಯ ನಮ್ಮ ವಂಶದಲ್ಲೇ ಇದೆ.

ಮಾವ ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವರು. ಅಂಗಡಿ ಅಂಗಡಿಗೂ ಹೋಗಿ ತಕ್ಕಡಿ ಸರಿಯಿದೆಯೋ, ಬೊಟ್ಟು ಸವೆದಿದೆಯೋ ಎಂದು ನೋಡಿ ಮುದ್ರೆ ಹಾಕುವ ಕೆಲಸ. ತಕ್ಕಡಿಯ ಬೊಟ್ಟು ಅಂದರೆ ತೂಕದ ಕಲ್ಲು, ಈಗಿನ ಮಕ್ಕಳು ಅದನ್ನು ಕಂಡೇ ಇಲ್ಲ. ಸರ್ವಿಸಿನಲ್ಲಿದ್ದಷ್ಟು ಕಾಲವೂ ಅವರು ಹೊರಗೆಲ್ಲೂ ಒಂದು ಲೋಟ ಕಾಫಿ ಕುಡಿದವರಲ್ಲ. "ಒಂದು ಲೋಟ ಕಾಫಿ ಕುಡಿದ್ರೆ ಸಾಕು ಕಣಮ್ಮ, ಮುಳ್ಳು ಒಂದು ಕೂದಲೆಳೆಯಷ್ಟು ಆ ಕಡೆಗೆ ವಾಲುತ್ತೆ," ಅನ್ನುತ್ತಿದ್ದರು. ರಿಟೈರಾದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಯಾರ ಮನೆಗೆ ಹೋದರೂ ಕುರ್ಚಿಯ ತುದಿಯಲ್ಲಿ ಕೂತು, "ಈಗ ತಾನೇ ಆಯ್ತು," ಅನ್ನುವುದು. ನನ್ನ ಮದುವೆಯಲ್ಲಿ ಎಲೆಯ ಮೇಲಿದ್ದ ಲಾಡನ್ನು ಅಂಗೈಯಲ್ಲಿಟ್ಟುಕೊಂಡು ಪಕ್ಕದವರ ಲಾಡನ್ನೊಮ್ಮೆ ಓರೆಗಣ್ಣಲ್ಲಿ ನೋಡಿ, "ಒಂದಕ್ಕೊಂದು ಸಮ ಇಲ್ಲ," ಅಂದಿದ್ದರು. ಅಡುಗೆಯವರು ಆಮೇಲೆ ಅವರ ಸಾಲಿಗೆ ಬಡಿಸಲು ಹೆದರಿದರು. ಗಿರಿಜತ್ತೆ ಮಾತ್ರ ಹೆದರುತ್ತಿರಲಿಲ್ಲ. "ಮದುವೆಯಾಗಿ ಬಂದಾಗಿಂದ ನನ್ನನ್ನೂ ತೂಗ್ತಾನೇ ಅವ್ರೆ. ಇನ್ನೂ ಮುದ್ರೆ ಬಿದ್ದಿಲ್ಲ," ಅನ್ನುತ್ತಿದ್ದರು.

ಅವರಿಬ್ಬರೂ ಇದ್ದದ್ದು ಲಷ್ಕರ್ ಮೊಹಲ್ಲಾದಲ್ಲಿ, ಅಂಗಡಿಗಳ ಸಾಲಿನ ಹಿಂದೆ, ಒಂದು ಗಲ್ಲಿಯ ಬಾಡಿಗೆ ಮನೆಯಲ್ಲಿ. ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಸ್ಕೂಟರು ಬಂದರೆ ನಾವು ಗೋಡೆಗೆ ಅಂಟಿಕೊಳ್ಳಬೇಕು. ಅತ್ತೆಯ ಅಡುಗೆಮನೆಯ ಕಿಟಕಿಗೆ ಎದುರಾಗಿ ಜುಲೇಕಾಬಿಯವರ ಕಿಟಕಿ. ಅತ್ತೆ ಕಾಯಿ ತುರಿಯುತ್ತ, ಅವರು ತಲೆ ಬಾಚುತ್ತ ಮಾತಾಡುವುದು. ಹಬ್ಬದ ದಿನ ಒಬ್ಬಟ್ಟು ಆ ಕಡೆಗೆ ಹೋಗುತ್ತಿತ್ತು, ಖರ್ಜೂರ ಈ ಕಡೆಗೆ ಬರುತ್ತಿತ್ತು. ಇಬ್ಬರೂ ಏನು ಮಾತಾಡುತ್ತಿದ್ದರು ಅಂತ ಕೇಳಬೇಡಿ. ನಾನು ಎಷ್ಟೋ ಸಲ ಕಿವಿಗೊಟ್ಟು ಕೇಳಿದ್ದೇನೆ. ಮಾತಿನಲ್ಲಿ ಒಂದು ಹುರುಳೂ ಇರುತ್ತಿರಲಿಲ್ಲ. ಆದರೆ ಒಂದು ದಿನವೂ ನಿಂತಿದ್ದಿಲ್ಲ.

ಮನೆಯ ಮಾಲೀಕರ ಮಕ್ಕಳು ಅದನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತೇವೆ, ಒಂದು ವರ್ಷದೊಳಗೆ ಬೇರೆ ಮನೆ ನೋಡಿಕೊಳ್ಳಿ ಎಂದು ಮರ್ಯಾದೆಯಿಂದಲೇ ಹೇಳಿದರು. ಅತ್ತೆ, "ಆಗ್ಲಿ ಬುಡಿ, ಅವರ ಮನೆ, ಅವರಿಷ್ಟ," ಅಂದರು. ಅಷ್ಟೇ. ಆಮೇಲೆ ಅವರ ಮಾತು ಕಮ್ಮಿಯಾಯಿತು. ಅದನ್ನು ಗಮನಿಸಿದ್ದು ಮಾವನೇ. ಅಳೆಯುವ ಮನುಷ್ಯ ಅಲ್ಲವೇ.

ಒಂದು ಸಂಜೆ ನಮ್ಮ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಕಾಫಿ ಬೇಡವೆಂದು, ವಿಷಯಕ್ಕೆ ಬಂದರು. "ಎಲ್ಲರೂ ತಿರುಗಾಮುರುಗ ಮಾಡ್ತಾರೆ ಕಣಮ್ಮ. ನೀರು ಬರುತ್ತಾ, ಬಸ್ ಹತ್ರಾನಾ ಅಂತ ನೋಡಿ ಮನೆ ಹಿಡೀತಾರೆ. ಅಲ್ಲಿರೋ ಜನ ಸುಖವಾಗಿದಾರಾ ಅಂತ ಯಾರೂ ನೋಡಲ್ಲ. ನಾನು ಮೊದಲು ಅದನ್ನ ಅಳೀತೀನಿ. ಯಾವ ಬಡಾವಣೆ ಜಾಸ್ತಿ ತೂಗುತ್ತೋ ಅಲ್ಲಿಗೆ ಹೋಗೋದು."

"ಅತ್ತೇನ ಕೇಳಿದ್ರಾ ಮಾವ? ಅವರಿಗೆ ಎಲ್ಲಿ ಇಷ್ಟ ಅಂತ?"

"ಕೇಳ್ದೆ. 'ನಿಮಗೆಲ್ಲಿ ಸುಖವೋ ಅಲ್ಲೇ ನನಗೂ' ಅಂದ್ಲು. ಅದೊಂದು ಅಳತೆಯೇನಮ್ಮ?" ಆಮೇಲೆ ಛತ್ರಿಯ ಹಿಡಿಯನ್ನು ಸವರುತ್ತ, "ಇದು ಅವಳಿಗೆ ಕೊನೇ ಮನೆ ಆಗಬೌದು. ತಪ್ಪು ತೂಕ ಆಗ್ಬಾರ್ದು," ಅಂದರು.

ಹೆಂಗಸರ ಹತ್ತಿರ ಮಾತಾಡುವುದಕ್ಕೆ ನಾನು ಜೊತೆಗೆ ಬರಬೇಕು ಎಂದರು. ನಾನಾಗ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ, ಶನಿವಾರ ಮಧ್ಯಾಹ್ನ ಬಿಡುವು. ಮಾವನ ಮೇಲಿನ ಪ್ರೀತಿಯಿಂದ ಒಪ್ಪಿಕೊಂಡೆ ಎಂದರೆ ಅರ್ಧ ಸತ್ಯವಾದೀತು. ಊರವರ ಮನೆಯೊಳಗೆ ಇಣುಕಿ ನೋಡಲು ಸರ್ಕಾರಿ ಇನ್‌ಸ್ಪೆಕ್ಟರೊಬ್ಬರ ಜೊತೆ ಸಿಕ್ಕಿದರೆ ಯಾರು ತಾನೇ ಬಿಡುತ್ತಾರೆ? ನೀವು ಬಿಡುತ್ತಿದ್ದಿರಾ?

ಅಳೆಯಬೇಕಾದರೆ ಮೊದಲು ಒಂದು ಮಾದರಿ ಬೇಕಂತೆ. ಮಾವ ಬಹಳ ಯೋಚಿಸಿ ಮಾದರಿ ಮಾಡಿದರು. ಹತ್ತು ಅಂದರೆ, ರಾತ್ರಿ ಊಟವಾಗಿ, ಪಾತ್ರೆ ತೊಳೆದಾಗಿ, ಕರೆಂಟಿದ್ದು, ಯಾರಿಂದಲೂ ಫೋನು ಬಾರದೆ ಗಂಡಹೆಂಡಿರು ಸುಮ್ಮನೆ ಕೂತಿರುವುದು. ಸೊನ್ನೆ ಅಂದರೆ, ಸಿಲಿಂಡರು ಖಾಲಿಯಾದ ಹೊತ್ತಿನಲ್ಲಿ ಬೀಗರು ಬಂದಿರುವುದು. ಉಳಿದದ್ದೆಲ್ಲ ಇವೆರಡರ ನಡುವೆ. ನಾನು ಎಷ್ಟೋ ದೊಡ್ಡ ದೊಡ್ಡ ತತ್ತ್ವದ ಮಾತು ಕೇಳಿದ್ದೇನೆ, ಸುಖಕ್ಕೆ ಇದಕ್ಕಿಂತ ಸರಿಯಾದ ವ್ಯಾಖ್ಯಾನವನ್ನು ಕಂಡಿಲ್ಲ.

ಮೊದಲ ಅಳತೆ ಲಷ್ಕರ್ ಮೊಹಲ್ಲಾದ್ದೇ. ಬಿಟ್ಟುಹೋಗುವುದು ಎಷ್ಟು ತೂಗುತ್ತದೆ ಎಂದು ತಿಳಿದರೆ ತಾನೇ ಹೋಗುವುದರ ಲೆಕ್ಕ. ಆದರೆ ಅಲ್ಲಿನ ಅಂಗಡಿಯವರೆಲ್ಲ ಮಾವನನ್ನು ಇನ್‌ಸ್ಪೆಕ್ಟರ್ ಎಂದೇ ಬಲ್ಲವರು. ದಿನಸಿ ಅಂಗಡಿಯ ಒಬ್ಬ ಯಜಮಾನರ ಹತ್ತಿರ ಹೋಗಿ ಮಾವ ಗಂಭೀರವಾಗಿ, "ಇಲ್ಲಿ ನಿಮ್ಮ ಸುಖ ಎಷ್ಟಿದೆ?" ಅಂದರು. ಆ ಮನುಷ್ಯ ಬೆವರಿ, ಗಲ್ಲಾಪೆಟ್ಟಿಗೆಯಿಂದ ಎದ್ದು ನಿಂತು, "ಹೋದ ವರ್ಷಾನೇ ಮುದ್ರೆ ಹಾಕ್ಸಿದೀನಿ ಸಾರ್, ಬೇಕಾದ್ರೆ ನೋಡಿ," ಎಂದು ತಕ್ಕಡಿಯನ್ನೇ ಮುಂದಕ್ಕೆ ತಳ್ಳಿದರು.

ವಿಷಯ ತಿಳಿಹೇಳಿದ ಮೇಲೂ ಪ್ರಯೋಜನವಾಗಲಿಲ್ಲ. ವ್ಯಾಪಾರಸ್ಥರು ಚೆನ್ನಾಗಿದ್ದೇವೆ ಎಂದು ಬಾಯಿಬಿಟ್ಟು ಹೇಳಿದ್ದನ್ನು ನೀವು ಯಾವತ್ತಾದರೂ ಕೇಳಿದ್ದೀರಾ? "ಏನೋ ದೇವರು ನಡೆಸ್ತಾವ್ನೆ." "ಮುಂಚಿನಂಗೆ ಇಲ್ಲ ಸಾರ್." ಹೀಗೆ ಹೇಳಿ ಒಬ್ಬರು ಮೂರು ಕೊಟ್ಟರೆ ಇನ್ನೊಬ್ಬರು ನಾಲ್ಕು. ನಾಲ್ಕು ಕೊಟ್ಟವರು ಪಕ್ಕದ ಅಂಗಡಿಯವರ ಜೊತೆ ಒಂದೇ ತಟ್ಟೆಯಲ್ಲಿ ಮಸಾಲೆದೋಸೆ ಮುರಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಆದರೆ ಮಾವ ಹೇಳಿದ್ದನ್ನು ಬರೆದುಕೊಳ್ಳುವವರೇ ಹೊರತು ಕಂಡದ್ದನ್ನಲ್ಲ. ಲಷ್ಕರ್ ಮೊಹಲ್ಲಾಕ್ಕೆ ನಾಲ್ಕು ಬಂತು.

ಎರಡನೆಯದು ನಮ್ಮ ಕೃಷ್ಣಮೂರ್ತಿಪುರಂ. ಗೌರಿ ಗಣೇಶ ಕಳೆದು ಒಂದೆರಡು ವಾರವಾಗಿತ್ತು, ಬಿಡುವಿದೆ ಎಂದು ಹೊರಟೆವು. ಮಾವ ಇಲ್ಲಿಗೇ ಬಂದರೆ ಚೆಂದ ಎಂದು ನನಗೆ ಒಳಗೊಳಗೇ ಆಸೆ. ಆದರೆ ಅದು ಎಂಥ ಹೊತ್ತೋ, ಬಾಗಿಲು ತೆರೆದವರೆಲ್ಲ ಮುಖ ಗಂಟು ಹಾಕಿಕೊಂಡೇ ಇದ್ದರು. ಒಬ್ಬ ಅಜ್ಜಿಯಂತೂ, "ಸುಖದ ಮಾತು ಈಗ ಬೇಡ ಕಣ್ರೀ. ಇನ್ನೊಂದು ವಾರ ಬಿಟ್ಟು ಬನ್ನಿ," ಎಂದು ಅರ್ಧ ಬಾಗಿಲಲ್ಲೇ ಕಳಿಸಿದರು. ರಿಟೈರಾದ ಒಬ್ಬ ಗಣಿತದ ಮೇಷ್ಟ್ರು ಒಳಗೆ ಕರೆದು ಕೂರಿಸಿ, ಕನ್ನಡಕ ಒರೆಸಿ, ಬಹಳ ಹೊತ್ತು ಲೆಕ್ಕ ಹಾಕಿ, ಐದೂವರೆ ಕೊಟ್ಟರು. "ಇಷ್ಟು ಚೆನ್ನಾಗಿದೀರಿ, ಮಗಳು ಪಕ್ಕದ ರಸ್ತೇಲೇ ಇದಾಳೆ, ಬರೀ ಐದೂವರೆನಾ ಸಾರ್?" ಅಂದೆ. "ನನ್ನ ಸಬ್ಜೆಕ್ಟಿನಲ್ಲಿ ಯಾರಿಗೂ ಅರವತ್ತರ ಮೇಲೆ ಕೊಟ್ಟವನಲ್ಲಮ್ಮ. ಜಾಸ್ತಿ ಕೊಟ್ರೆ ಆಮೇಲೆ ಓದೋದು ನಿಲ್ಲಿಸ್ಬುಡ್ತಾರೆ," ಅಂದರು. ಹೀಗೆ ನಮ್ಮ ಕೃಷ್ಣಮೂರ್ತಿಪುರಂಗೆ ಐದು ಬಂತು. ನನಗೆ ಅವಮಾನವಾದಂತಾಯಿತು.

ದಸರಾ ಬಂತು. ಆಗ ಅಳೆಯುವುದು ಬೇಡ ಎಂದು ಮಾವ ಖಡಾಖಂಡಿತವಾಗಿ ಹೇಳಿದರು. "ಊರೆಲ್ಲ ದೀಪ ಹಾಕ್ಕೊಂಡಿರುವಾಗ ತೂಗಿದ್ರೆ ಬೆಳಕಿನ ತೂಕಾನೂ ಸೇರ್ಕೊಳುತ್ತೆ," ಎಂದು ಅವರ ವಾದ. ಎಷ್ಟು ಎಚ್ಚರಿಕೆಯ ಮನುಷ್ಯ ನೋಡಿ! ಆ ಮೇಲೆ ನನ್ನ ಪರೀಕ್ಷೆ ಪೇಪರುಗಳು, ಮಾವನ ಮಂಡಿನೋವು. ಕೊನೆಗೆ ದಟ್ಟಗಳ್ಳಿಗೆ ಹೋಗಲು ನಮಗೆ ಇಬ್ಬರಿಗೂ ಬಿಡುವಾದದ್ದು ಸಂಕ್ರಾಂತಿಯ ದಿನ, ನನ್ನ ಶಾಲೆಗೆ ರಜೆ.

ದಟ್ಟಗಳ್ಳಿ ಆಗ ಈಗಿನಂತಿರಲಿಲ್ಲ. ಒಂದು ಮನೆ, ನಾಲ್ಕು ಖಾಲಿ ಸೈಟು, ಮತ್ತೊಂದು ಮನೆ. ಖಾಲಿ ಸೈಟುಗಳ ತುಂಬ ಪಾರ್ಥೇನಿಯಂ. ರಸ್ತೆಗಳು ಅಗಲವಾಗಿದ್ದವು, ಜನವೇ ಕಮ್ಮಿ. ಆದರೆ ಬಾಗಿಲು ತಟ್ಟಿದ ಕಡೆಯೆಲ್ಲ ಏನು ಆದರ! ರೇಷ್ಮೆಸೀರೆ ಉಟ್ಟ ಹೆಂಗಸರು ಬಾಗಿಲಿಗೆ ಬಂದು, ಒಳಗೆ ಕರೆದು, ಕೈಗೆ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಕೊಟ್ಟು, "ನಮಗೇನ್ ಸಾರ್ ಇಲ್ಲಿ, ಸ್ವರ್ಗ!" ಅನ್ನುವವರೇ. ಒಬ್ಬರು ಒಂಬತ್ತು ಕೊಟ್ಟರು. ಇನ್ನೊಬ್ಬರು ಒಂಬತ್ತೂವರೆ. ಮೂಲೆಮನೆಯ ಪದ್ಮಾ ಎಂಬಾಕೆ, "ಹತ್ತಕ್ಕೆ ಹತ್ತೂ ಬರ್ಕೊಳ್ಳಿ ಸಾರ್," ಎಂದೇಬಿಟ್ಟರು. ಮಾವ ಎಳ್ಳನ್ನೂ ಬಾಯಿಗೆ ಹಾಕಿಕೊಳ್ಳದೆ ಜೇಬಿಗೆ ಹಾಕಿಕೊಂಡರು, ಮುಳ್ಳು ವಾಲಬಾರದಲ್ಲ. ನನಗೆ ಅಂಥ ನಿಯಮವೇನೂ ಇಲ್ಲ. ಎಲ್ಲ ಮನೆಯ ಎಳ್ಳನ್ನೂ ತಿಂದೆ.

ಬಸ್‌ಸ್ಟಾಪಿನಲ್ಲಿ ನಿಂತು ಮಾವ ಲೆಕ್ಕ ಹಾಕಿದರು. ದಟ್ಟಗಳ್ಳಿಗೆ ಒಂಬತ್ತು. "ಕಣ್ಣುಮುಚ್ಕೊಂಡು ಬರಬೌದು ಕಣಮ್ಮ. ಗಿರಿಜಾ ಇಲ್ಲಿ ನಗ್ತಾ ಇರ್ತಾಳೆ," ಅಂದರು. ಅವರ ಮುಖದಲ್ಲಿ ಆ ಖುಷಿಯನ್ನು ಕಂಡು ನನಗೂ ಕಣ್ಣು ತುಂಬಿಬಂತು. ತಿಂಗಳು ತುಂಬುವುದರೊಳಗೆ ಮೂರು ವರ್ಷದ ಭೋಗ್ಯಕ್ಕೆ ಒಂದು ಮನೆ ಹಿಡಿದು, ಲಾರಿಯಲ್ಲಿ ಸಾಮಾನು ಏರಿಸಿದ್ದಾಯಿತು. ಜುಲೇಕಾಬಿ ಗಲ್ಲಿಯ ತುದಿಯವರೆಗೂ ಬಂದರು. ಇಬ್ಬರೂ ಅಳಲಿಲ್ಲ, ಇಡ್ಲಿ ಪಾತ್ರೆ ಲಾರಿಯಲ್ಲಿ ಹಿಂದಕ್ಕೆ ಇಟ್ಟಿದ್ದು ಸರಿಯೋ ತಪ್ಪೋ ಎಂದು ಕೊನೆಯವರೆಗೂ ವಾದ ಮಾಡಿದರು.

ಮನೆಗೆ ಬಂದ ಮೊದಲ ವಾರ ನಾನು ಹೋದಾಗ ಅತ್ತೆ ವರಾಂಡದಲ್ಲಿ ಕೂತು ರಸ್ತೆ ನೋಡುತ್ತಿದ್ದರು. ರಸ್ತೆಯಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಎದುರಿಗೆ ಖಾಲಿ ಸೈಟು. ಪಕ್ಕದ ಮನೆಯ ಗಂಡಹೆಂಡತಿ ಇಬ್ಬರೂ ಬೆಳಿಗ್ಗೆ ಬೀಗ ಹಾಕಿ ಕೆಲಸಕ್ಕೆ ಹೋದರೆ ಸಂಜೆಗೇ ಬರುವುದು. ಉಳಿದ ಮನೆಗಳ ಬಾಗಿಲುಗಳೂ ಮುಚ್ಚಿದ್ದವು. "ಇಲ್ಲಿ ಜನ ಬಹಳ ಸುಖವಾಗಿದಾರೆ ಅಂದ್ರಲ್ಲ, ಎಲ್ಲಿಟ್ಟವ್ರೆ ಅವರನ್ನ?" ಅಂದರು ಅತ್ತೆ. ಮಾವ ಒಳಗಿಂದ ಬಂದು, ತಮ್ಮ ಅಳತೆಯನ್ನು ಸಮರ್ಥಿಸಿಕೊಳ್ಳುತ್ತ ಎಲ್ಲವನ್ನೂ ವಿವರಿಸಿದರು. ಅತ್ತೆ ಕೇಳಿ, "ಯಾವತ್ತು ಬಂದು ಕೇಳಿದ್ರಿ?" ಅಂದರು.

"ಸಂಕ್ರಾಂತಿ ದಿನ."

"ಎಳ್ಳು ಕೊಟ್ರಾ?"

"ಎಲ್ಲರೂ ಕೊಟ್ರು."

"ಕೃಷ್ಣಮೂರ್ತಿಪುರಂಗೆ ಯಾವಾಗ ಹೋಗಿದ್ರಿ?"

ಮಾವ ಹೇಳಿದರು. ಅತ್ತೆ ಬೆರಳು ಮಡಚಿ ಎಣಿಸಿದರು. ನಮ್ಮ ಮನೆಗಳಲ್ಲಿ ಪಿತೃಪಕ್ಷ ಮಾಡುವ ಪದ್ಧತಿಯಿಲ್ಲ. ಹಾಗಾಗಿ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಜನ ತೀರಿಹೋದ ಹಿರಿಯರನ್ನು ನೆನೆಯುವ ಹದಿನೈದು ದಿನಗಳಲ್ಲಿ ಹೋಗಿ ನಾವು ಸುಖವಾಗಿದ್ದೀರಾ ಎಂದು ಕೇಳಿದ್ದೆವು. ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಬೇಕು ಎನ್ನುವ ದಿನ ಹೋಗಿ ಮತ್ತೆ ಅದನ್ನೇ ಕೇಳಿದ್ದೆವು. "ಬಾಯಲ್ಲಿ ಬೆಲ್ಲ ಇಟ್ಕೊಂಡು ಯಾರಾದ್ರೂ ಕಷ್ಟ ಹೇಳ್ಕೋತಾರಾ?" ಎಂದು ಅತ್ತೆ ನಗಲು ಶುರುಮಾಡಿದರು. ಗೋಡೆ ಹಿಡಿದುಕೊಂಡು ನಕ್ಕರು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ನಾನೂ ನಕ್ಕೆ. ಆಮೇಲೆ ನಗು ನಿಂತಿತು, ಅತ್ತೆ ಕಣ್ಣೊರೆಸಿಕೊಳ್ಳುವುದು ನಿಲ್ಲಲಿಲ್ಲ. ಮಾವ ಕಂಬದ ಪಕ್ಕ ನಿಂತಿದ್ದರು. ಸರ್ವಿಸಿನಲ್ಲಿ ಒಂದು ತಪ್ಪು ಮುದ್ರೆಯನ್ನೂ ಒತ್ತದವರು. ಆ ದಿನ ಅವರ ಮುಖವನ್ನು ನೋಡಲು ನನ್ನಿಂದಾಗಲಿಲ್ಲ.

ಅಲ್ಲಿಂದ ಮುಂದಿನದು ನನಗೆ ತಿಳಿದದ್ದು ಮೂಲೆಮನೆಯ ಪದ್ಮಾ ಅವರಿಂದ, ಹತ್ತಕ್ಕೆ ಹತ್ತು ಕೊಟ್ಟಿದ್ದರಲ್ಲ, ಅವರೇ. ಮಾವ ಸಂಜೆ ವಾಕಿಂಗ್ ಎಂದು ಹೊರಟು ಒಂದೊಂದೇ ಮನೆಯ ಬಾಗಿಲು ತಟ್ಟಿದರಂತೆ. ಪದ್ಮಾ ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ. "ನಿಮ್ಮ ಮಾವ ಬಂದು ಕೂತ್ಕೊಂಡ್ರು ಕಣ್ರೀ. ಕಾಫಿ ಕೊಟ್ಟೆ, ಕುಡಿದ್ರು. ಕುಡಿದು, 'ನಮ್ಮ ಮನೆಯವಳಿಗೆ ಮಾತಾಡೋಕೆ ಯಾರೂ ಇಲ್ಲಮ್ಮ. ಸಂಡಿಗೆ ಚೆನ್ನಾಗಿ ಹಾಕ್ತಾಳೆ. ಕಲಿಯೋ ನೆಪ ಮಾಡ್ಕೊಂಡು ಒಂದಿನ ಬನ್ನಿ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ' ಅಂದ್ರು."

ಕಾಫಿ ಕುಡಿದರು ಎಂಬುದನ್ನು ನಾನು ಮೊದಲು ನಂಬಲಿಲ್ಲ. ಯಾರ ಮನೆಯಲ್ಲೂ ಒಂದು ತೊಟ್ಟು ಮುಟ್ಟದವರು, ಯಾರ ಹತ್ತಿರವೂ ಏನನ್ನೂ ಕೇಳದವರು, ಆ ವಯಸ್ಸಿನಲ್ಲಿ ಮನೆಮನೆಗೆ ಹೋಗಿ ಹೆಂಡತಿಗೆ ಮಾತು ಬೇಡಿದರು. ತೂಕ ಕಮ್ಮಿ ಬಂದರೆ ಅಂಗಡಿಯವನಿಗೆ ದಂಡ ಹಾಕುವುದು ಅವರಿಗೆ ಗೊತ್ತಿತ್ತು. ಈ ಸಲ ತಪ್ಪು ತೂಗಿದವರು ತಾವೇ. ದಂಡವನ್ನು ಹೀಗೆ ಕಟ್ಟಿದರು ಅಂತ ಕಾಣುತ್ತೆ.

ಬೇಸಿಗೆ ಬಂದಿತ್ತು. ಲಷ್ಕರ್ ಮೊಹಲ್ಲಾದಲ್ಲಿ ಅಂಗೈಯಗಲ ಬಿಸಿಲಿಗೂ ಪಕ್ಕದವರ ಜೊತೆ ಪಾಳಿ. ಇಲ್ಲಿ ತಾರಸಿಯ ತುಂಬ ಬಿಸಿಲು. ಹೆಂಗಸರು ಬಂದರು, ಅಕ್ಕಿ ಹಿಟ್ಟು ಕುದಿಯಿತು, ಹಳೆಯ ಪಂಚೆಗಳ ಮೇಲೆ ಸಂಡಿಗೆ ಇಳಿಯಿತು. ಕಾಗೆ ಓಡಿಸುವ ಕೆಲಸ ಮಾವನದು. ಛತ್ರಿ ಹಿಡಿದು ತಾರಸಿಯ ಮೂಲೆಯಲ್ಲಿ ಕೂತಿರುತ್ತಿದ್ದರು. ಮೂರು ವರ್ಷಕ್ಕೆಂದು ಹೋದವರು ಭೋಗ್ಯ ಮುಂದುವರಿಸುತ್ತ ಅಲ್ಲೇ ಉಳಿದರು. ಅತ್ತೆ ತಿಂಗಳಿಗೊಮ್ಮೆ ಬಸ್ ಹತ್ತಿ ಜುಲೇಕಾಬಿಯವರನ್ನು ನೋಡಿಬರುತ್ತಿದ್ದರು. ನಾನಂತೂ ಇದೆಲ್ಲ ಸುಖಾಂತವಾಯಿತೆಂದು ತಿಳಿದು ನನ್ನ ಸಂಸಾರದಲ್ಲಿ ಮುಳುಗಿದೆ.

ಆ ಸರ್ವೆಯ ಹುಡುಗಿ ಬಂದುಹೋದ ಮೇಲಿನ ಭಾನುವಾರ, ಅತ್ತೆಯನ್ನು ಕರೆತರುವ ವಿಷಯ ಇತ್ಯರ್ಥ ಮಾಡಿಯೇ ಬಿಡಬೇಕೆಂದು ದಟ್ಟಗಳ್ಳಿಗೆ ಹೋದೆ. ಅತ್ತೆ ವರಾಂಡದಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಾನೂ ಒಂದು ಕಟ್ಟು ಎಳೆದುಕೊಂಡು ಕೂತೆ. "ಕೋಣೆ ರೆಡಿ ಇದೆ ಅತ್ತೆ. ಈ ತಿಂಗಳೇ ಬಂದುಬಿಡಿ. ಈ ದಟ್ಟಗಳ್ಳಿ ನಿಮಗೆ ಮೊದಲಿಂದಲೂ ಹಿಡಿಸಿದ ಜಾಗವೇನಲ್ಲ. ಮಾವನ ಅಳತೆ ತಪ್ಪಾಗಿ ಬಂದದ್ದು ತಾನೇ?" ಅಂದೆ. ಅವರಿಗೆ ಬೇಸರವಾಗಬಾರದೆಂದು ಮಾವ ಮನೆಮನೆಗೆ ಹೋದ ಕಥೆಯನ್ನು ಇಷ್ಟು ವರ್ಷವೂ ನಾನು ಹೇಳಿರಲಿಲ್ಲ. ಆವತ್ತು ಅದನ್ನೂ ಹೇಳಿದೆ.

ಅತ್ತೆ ಸೊಪ್ಪಿನಿಂದ ತಲೆ ಎತ್ತದೆ, "ಗೊತ್ತಿತ್ತು ಕಣೆ," ಅಂದರು.

"ಯಾವಾಗಿಂದ?"

"ಮೊದಲ್ನೇ ದಿನದಿಂದ. ನಾಲ್ಕು ಜನ ಒಂದೇ ದಿನ ಸಂಡಿಗೆ ಕಲಿಯೋಕೆ ಬರ್ತಾರೇನೆ? ಆ ಪದ್ಮಾ ನಂಗಿಂತ ಚೆನ್ನಾಗಿ ಒತ್ತುತ್ತಿದ್ಲು. ಅವಳು ಕಲಿಯೋ ಥರ ಆಡ್ತಿದ್ಲು, ನಾನು ಕಲಿಸೋ ಥರ ಆಡ್ತಿದ್ದೆ."

"ಮಾವನಿಗೆ ಹೇಳಲಿಲ್ವಾ?"

"ಹೇಳಿ? ಅವರಿಗೆ ನಾಚಿಕೆ ಆಗೋಗ್ತಿತ್ತು." ಒಂದು ಹ‍ಳದಿ ಎಲೆಯನ್ನು ತೆಗೆದು ಆಚೆ ಹಾಕಿದರು. "ನಿಂಗೆ ಗೊತ್ತಿಲ್ಲದ್ದು ಒಂದಿದೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ನನ್ನ ಮುಂದೆ ಬಂದು ಕೂತ್ಕೊಂಡು, 'ಗಿರಿಜಾ, ಇವತ್ತು ಎಷ್ಟು?' ಅಂತ ಕೇಳೋರು. ಹತ್ತಕ್ಕೆ. ಮೊದಮೊದಲು ನಂಗೆ ಒಂದೂ ಇರಲಿಲ್ಲ ಕಣೆ. ಬಚ್ಚಲಲ್ಲಿ ಕೂತು ಅತ್ಕೊಂಡು ಬರ್ತಿದ್ದೆ. ಅವರ ಮುಖ ನೋಡಿ ಐದು ಅಂದೆ. ಒಂದೇ ಸಲ ಹತ್ತು ಅಂದ್ರೆ ನಂಬ್ತಿದ್ರಾ? ಇನ್‌ಸ್ಪೆಕ್ಟರ್ ಅಲ್ವಾ. ಅರ್ಧರ್ಧ ಏರಿಸ್ದೆ. ಐದೂವರೆ, ಆರು. ಮಧ್ಯ ಒಂದಿನ ಕಾಲು ಇಳಿಸ್ತಿದ್ದೆ, ಅನುಮಾನ ಬರಬಾರದಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಊರಿನ ವ್ಯಾಪಾರಸ್ಥರೆಲ್ಲ ಹೆದರಿದ ಮನುಷ್ಯನ ಮನೆಯಲ್ಲೇ ಕಳ್ಳ ತೂಕ ನಡೆದಿತ್ತು!

"ನಗು ನಗು," ಅಂದರು ಅತ್ತೆ. "ಹಂಗೇ ಒಂದಿನ ಎಂಟು ಅಂದೆ. ಅವರು ಎದ್ದು ಹೋದ ಮೇಲೆ ನೆನಪಾಯ್ತು, ಅಯ್ಯೋ, ಇವತ್ತು ಸುಳ್ಳು ಹೇಳೋದು ಮರ್ತುಬುಟ್ಟೆ ಅಂತ."

ನನ್ನ ಕೈಯಲ್ಲಿದ್ದ ಸೊಪ್ಪು ಹಾಗೇ ಉಳಿಯಿತು. ರಸ್ತೆಯಲ್ಲಿ ಯಾರೋ ಹೆಂಗಸು ಹೋಗುತ್ತ, "ಊಟ ಆಯ್ತಾ ಗಿರಿಜಮ್ಮಾ?" ಎಂದು ಕೂಗಿದರು. ಅತ್ತೆ ಕೈಯೆತ್ತಿ, "ಇನ್ನೂ ಇಲ್ಲ, ನಮ್ಮ ಹುಡುಗಿ ಬಂದವ್ಳೆ," ಎಂದು ಕೂಗಿದರು. ಐವತ್ತು ದಾಟಿದ ನಾನು ಹುಡುಗಿ.

"ನಿಮ್ಮನೇಲಿ ಏನು ಕಮ್ಮಿ ಹೇಳು," ಎಂದು ಅತ್ತೆ ಮೆಲ್ಲಗೆ ಮುಂದುವರಿಸಿದರು. "ಆದ್ರೆ ಈ ಒಂದೊಂದು ಬಾಗಿಲಿಗೂ ಅವರು ನನಗೋಸ್ಕರ ಹೋಗಿ ನಿಂತವ್ರೆ ಕಣೆ. ಬಿಟ್ಟು ಎಲ್ಲಿಗೆ ಬರ್ಲಿ? ಇಲ್ಲಿ ನಂಗೆಲ್ಲ ಅಯ್ತೆ. ಸಂಜೆ ದೀಪ ಹಚ್ಚಿದ ಮೇಲೆ ಒಂದು ಗಳಿಗೆ ಮಾತ್ರ ಕಷ್ಟ. ಯಾರೂ ಕೇಳಲ್ಲ."

ಮಂಚ ತಿರುಗಿಸಿಟ್ಟ ಕೋಣೆಯ ಮಾತು ಮತ್ತೆ ಎತ್ತಲಿಲ್ಲ. ಸಂಜೆಯವರೆಗೂ ಇದ್ದೆ. ಅತ್ತೆ ದೀಪ ಹಚ್ಚಿ, ಮಾವನ ಪಟಕ್ಕೆ ಕೈಮುಗಿದು, ವಿಭೂತಿ ಇಟ್ಟುಕೊಂಡು ಬಂದು ಕೂತರು. ನಾನು ಅವರ ಮುಂದೆ ಹೋಗಿ ಕೂತೆ. "ಅತ್ತೆ, ಇವತ್ತು ಎಷ್ಟು?" ಅಂದೆ.

ಅವರು ಸೆರಗನ್ನು ಮಡಿಲ ಮೇಲೆ ಸರಿಮಾಡಿಕೊಂಡರು. ಆಮೇಲೆ, "ಮೂರು," ಅಂದರು.

"ಮೂರಾ?"

"ಗಾಬರಿ ಬೀಳ್ಬೇಡ. ನಿನ್ನ ಹತ್ರ ಯಾಕೆ ಸುಳ್ಳು ಹೇಳ್ಲಿ ಅಂತ ನಿಜ ಹೇಳ್ದೆ."

ಈಗ ದಿನಾ ಸಂಜೆ ಫೋನ್ ಮಾಡುತ್ತೇನೆ. ಬೇರೆ ಮಾತಿಲ್ಲ, ಅದೊಂದೇ ಪ್ರಶ್ನೆ. ಅವರೂ ಬೇರೆ ಮಾತಾಡದೆ ಒಂದು ಅಂಕಿ ಹೇಳಿ, "ಇಡ್ಲಾ?" ಅನ್ನುತ್ತಾರೆ. ಕೆಲವು ದಿನ ಮೂರಕ್ಕೇ ನಿಂತಿತ್ತು. ನಿನ್ನೆ, "ಮೂರೂವರೆ," ಅಂದರು. ನಿಜವಾಗಿಯೂ ಅಷ್ಟು ಏರಿತೋ, ನನ್ನ ದನಿ ಕೇಳಿ ಪಾಪ ಎಂದು ಅರ್ಧ ಏರಿಸಿದರೋ, ಎಷ್ಟು ಯೋಚಿಸಿದರೂ ನನಗೆ ತಿಳಿಯುತ್ತಿಲ್ಲ.